‘ಕಾಫಿರ್’: ಒಂದು ಪದ ನಡೆದ ದಾರಿ

ಕೇಳುಗರಿಗೆ ನಮಸ್ಕಾರ. ಇಂದಿನ ಭಾಷಣದ ವಿಷಯ ‘ಕಾಫಿರ್’, ಅಂದರೆ ಇಸ್ಲಾಮನ್ನು ನಂಬದವನು, ಎಂಬ ಅರಬ್ಬಿ ಪದ. ಕೇಳಿದೊಡನೆ ಕೆಲವರನ್ನು ಕೆರಳಿಸುವ, ಕೆಲವರಿಗೆ ಮುಜುಗರ ತರುವ, ದಕ್ಷಿಣ ಆಫ್ರಿಕದಲ್ಲಂತೂ ಪೂರ್ತಿಯಾಗಿ ಉಚ್ಚರಿಸುವುದಕ್ಕೂ ಜನ ಹಿಂಜರಿಯುವ ಈ ಪದವನ್ನು ಇಲ್ಲಿ ಮರೆಮಾಚದೆ ಹೇಳುತ್ತೇನೆ. ಅದರ ಚರಿತ್ರೆಯನ್ನು ವಿವರಿಸುವುದಕ್ಕೆ ಬೇರೆ ದಾರಿಯಿಲ್ಲ. ಮನುಷ್ಯನೊಬ್ಬ ಮಾಡುವ ಕೆಲಸವನ್ನು ಸೂಚಿಸುತ್ತಿದ್ದ ಪದವು ಊರೂರು ಸುತ್ತಿ ಕೊನೆಗೆ ಮನುಷ್ಯನ ಹುಟ್ಟನ್ನೂ ಮೈಬಣ್ಣವನ್ನೂ ಸೂಚಿಸುವಂತಾದದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ.

ಅರಬ್ಬಿಯ ಬಹುಪಾಲು ಪದಗಳಂತೆ ಇದೂ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟಿದೆ. ಕ, ಫ, ರ ಎಂಬ ಆ ಧಾತುವಿನ ಮೂಲಾರ್ಥ ಮುಚ್ಚುವುದು, ಮರೆಮಾಡುವುದು. ಇಸ್ಲಾಮಿಗಿಂತ ಹಿಂದಿನ ಕಾವ್ಯ ಪರಂಪರೆಯ ದೊಡ್ಡ ಕವಿ ಲಬೀದ್, ಮೋಡಗಳು ನಕ್ಷತ್ರಗಳನ್ನು ಮುಚ್ಚಿದ ಇರುಳನ್ನು ವರ್ಣಿಸುವಾಗ ಬಳಸಿದ್ದು ಇದೇ ಧಾತುವನ್ನು. ಎಲ್ಲವನ್ನೂ ತನ್ನೊಳಗೆ ಅಡಗಿಸುವ ಕತ್ತಲೆಗೇ ಆ ಕಾವ್ಯದಲ್ಲಿ ‘ಕಾಫಿರ್’ ಎಂಬ ಹೆಸರಿತ್ತು. ಕುರಾನಿನ ಐವತ್ತೇಳನೆಯ ಅಧ್ಯಾಯದಲ್ಲಿ, ಮಳೆ ಬಂದು ಚಿಗುರಿದ ಪೈರನ್ನು ಕಂಡು ಹಿಗ್ಗುವವರನ್ನು ಕುರಿತು ಒಂದು ಮಾತು ಬರುತ್ತದೆ. ಅಲ್ಲಿ ಬಂದಿರುವ ‘ಕುಫ್ಫಾರ್’ ಎಂಬ ಬಹುವಚನಕ್ಕೆ ಬಹುಮಂದಿ ವ್ಯಾಖ್ಯಾನಕಾರರು ಕೊಟ್ಟಿರುವ ಅರ್ಥ ಬೇಸಾಯಗಾರರು ಎಂದು, ಏಕೆಂದರೆ ಅವರು ಬಿತ್ತಿದ ಬೀಜವನ್ನು ಮಣ್ಣಿನಿಂದ ಮುಚ್ಚುತ್ತಾರೆ. ಪಾಪ ಪರಿಹಾರಕ್ಕೆ ಸಲ್ಲಿಸುವ ಪ್ರಾಯಶ್ಚಿತ್ತವನ್ನು ‘ಕಫ್ಫಾರಾ’ ಎನ್ನುವುದೂ ಇದೇ ಧಾತುವಿನಿಂದ.

ಮುಚ್ಚುವುದು ಎಂಬ ಅರ್ಥದಿಂದ ಅವಿಶ್ವಾಸ ಎಂಬ ಅರ್ಥಕ್ಕೆ ಈ ಪದ ಒಂದೇ ಹೆಜ್ಜೆಯಲ್ಲಿ ಬರಲಿಲ್ಲ. ನಡುವೆ ಕೃತಘ್ನತೆ ಎಂಬ ಮೆಟ್ಟಿಲಿದೆ, ಅದನ್ನು ಮರೆತರೆ ಕುರಾನಿನ ಬಳಕೆಯೇ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಪಡೆದ ಉಪಕಾರವನ್ನು ಮನಸ್ಸಿನಲ್ಲಿ ಮುಚ್ಚಿಹಾಕುವವನು ಕೃತಘ್ನ. ಅವನು ಮಾಡುವುದು ‘ಕುಫ್ರ್’. ಅದಕ್ಕೆ ಎದುರಾಗಿ ನಿಲ್ಲುವ ಪದ ‘ಶುಕ್ರ್’, ಅಂದರೆ ಕೃತಜ್ಞತೆ. ‘ನನಗೆ ಕೃತಜ್ಞರಾಗಿರಿ, ಕುಫ್ರ್ ಮಾಡಬೇಡಿ’ ಎಂದು ದೇವರು ಹೇಳುವಲ್ಲಿ ಇವೆರಡೂ ಎದುರುಬದುರಾಗಿ ನಿಂತಿವೆ. ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇನ್ನೂ ಅಚ್ಚರಿಯ ಪ್ರಸಂಗವೊಂದಿದೆ. ಚಿಕ್ಕಂದಿನಲ್ಲಿ ನಿನ್ನನ್ನು ನಮ್ಮ ಬಳಿಯೇ ಇಟ್ಟುಕೊಂಡು ಸಾಕಲಿಲ್ಲವೇ ಎಂದು ಕೇಳುವ ಫರೋ ದೊರೆ, ನೀನು ಕಾಫಿರರಲ್ಲಿ ಒಬ್ಬ ಎಂದು ಪ್ರವಾದಿ ಮೂಸಾ ಅವರನ್ನೇ ದೂರುತ್ತಾನೆ. ಉಂಡ ಮನೆಯ ಋಣ ಮರೆತವನು ಎಂಬುದು ಅವನ ಆರೋಪ. ದೇವರನ್ನು ಒಪ್ಪದ ದೊರೆಯ ಬಾಯಲ್ಲಿ, ದೇವರ ದೂತನ ಮೇಲೆ ಈ ಪದ ಬೀಳುತ್ತದೆ. ಆ ಹೊತ್ತಿಗೆ ಇದು ಯಾವುದೇ ಜನಾಂಗದ ಹೆಸರಾಗಿರಲಿಲ್ಲ, ಒಬ್ಬನ ನಡತೆಯ ಮೇಲಿನ ತೀರ್ಪಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಇದೇ ಪದವನ್ನು ಶೀರ್ಷಿಕೆಯಾಗಿ ಹೊತ್ತ ನೂರ ಒಂಬತ್ತನೆಯ ಅಧ್ಯಾಯ ಕೇವಲ ಆರು ವಚನಗಳದ್ದು. ‘ನಿಮಗೆ ನಿಮ್ಮ ಧರ್ಮ, ನನಗೆ ನನ್ನ ಧರ್ಮ’ ಎಂದು ಅದು ಮುಗಿಯುತ್ತದೆ.

ಪ್ರವಾದಿಯವರ ನಿಧನದ ನಂತರ ಈ ಪದ ಹೊರಗಿನವರಿಗಿಂತ ಮೊದಲು ಒಳಗಿನವರನ್ನೇ ಇರಿಯಿತು. 657ರಲ್ಲಿ ಮುಸಲ್ಮಾನರ ನಡುವೆಯೇ ಸಿಫ್ಫೀನ್ ಯುದ್ಧ ನಡೆದಾಗ, ಖಲೀಫ ಅಲಿ ಅವರು ಎದುರಾಳಿಗಳೊಡನೆ ಮಧ್ಯಸ್ಥಿಕೆಗೆ ಒಪ್ಪಿದ್ದು ತಪ್ಪೆಂದು ಸಿಡಿದು ಹೊರನಡೆದ ಗುಂಪಿಗೆ ಖಾರಿಜಿಗಳೆಂದು ಹೆಸರಾಯಿತು. ತೀರ್ಪು ಕೊಡುವ ಹಕ್ಕು ದೇವರೊಬ್ಬನದು ಎಂದು ಸಾರಿದ ಅವರು ಅಲಿಯವರನ್ನೇ ಕಾಫಿರ್ ಎಂದರು, 661ರಲ್ಲಿ ಅವರಲ್ಲೊಬ್ಬ ಅಲಿಯವರನ್ನು ಕೊಂದನು. ಮುಸಲ್ಮಾನನೊಬ್ಬ ಇನ್ನೊಬ್ಬ ಮುಸಲ್ಮಾನನನ್ನು ಕಾಫಿರ್ ಎಂದು ಘೋಷಿಸುವ ಕ್ರಿಯೆಗೆ ‘ತಕ್ಫೀರ್’ ಎಂಬ ಹೆಸರಿದೆ, ಅದರ ಅಪಾಯವನ್ನು ಇಸ್ಲಾಮಿನ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದರು. 1111ರಲ್ಲಿ ತೀರಿಕೊಂಡ ಧರ್ಮಶಾಸ್ತ್ರಜ್ಞ ಗಝಾಲಿ ಇದನ್ನೇ ಕುರಿತು ಒಂದು ಗ್ರಂಥ ಬರೆದು, ಆ ಮಾತನ್ನು ಆಡುವ ಮುನ್ನ ನಾಲಗೆಯನ್ನು ಬಿಗಿಹಿಡಿಯಬೇಕೆಂದು ವಾದಿಸಿದರು. ಪ್ರವಾದಿಯ ಸಂದೇಶ ತಲುಪದ ದೂರದೇಶದವರನ್ನೂ, ಅದು ವಿಕೃತವಾಗಿ ತಲುಪಿದವರನ್ನೂ ದೇವರ ಕರುಣೆಯಿಂದ ಹೊರಗಿಡಬಾರದೆಂಬುದು ಅವರ ನಿಲುವು. ಸತ್ಯವನ್ನು ಕಂಡೂ ಮುಚ್ಚುವವನಷ್ಟೇ ಕಾಫಿರ್ ಎಂಬ ಹಳೆಯ ಧಾತ್ವರ್ಥ ಈ ವಾದದಲ್ಲಿ ಇನ್ನೂ ಉಸಿರಾಡುತ್ತಿದೆ.

ಪದ ಅರಬ್ಬಿಯ ಗಡಿ ದಾಟಿದ ಮೇಲೆ ಆ ಉಸಿರು ಕ್ಷೀಣಿಸುತ್ತ ಹೋಯಿತು. ಧಾತುವಿನ ನೆನಪಿಲ್ಲದ ಭಾಷೆಗಳಲ್ಲಿ ಅದು ಬರಿಯ ಹಣೆಪಟ್ಟಿಯಾಯಿತು. ತುರ್ಕಿಯಲ್ಲಿ ‘ಗಾವುರ್’ ಎಂಬ ರೂಪವಿದೆ. ಪಾರಸಿಯಲ್ಲಿ ಅಗ್ನಿಪೂಜಕರಿಗಿದ್ದ ‘ಗಬ್ರ್’ ಎಂಬ ಹೆಸರೇ ಅದರ ಮೂಲವೆಂದು ಹೇಳುವವರೂ ಇದ್ದಾರೆ. ಆಟೊಮನ್ ಆಳ್ವಿಕೆಯ ಕ್ರೈಸ್ತ ಪ್ರಜೆಗಳು ದಿನನಿತ್ಯ ಕೇಳಬೇಕಾಗಿದ್ದ ಮಾತು ಅದು. ಕ್ರೈಸ್ತರು ಹೆಚ್ಚಾಗಿದ್ದ ಇಝ್ಮಿರ್ ನಗರಕ್ಕೆ ‘ಗಾವುರ್ ಇಝ್ಮಿರ್’ ಎಂಬ ಹೆಸರೇ ಅಂಟಿಕೊಂಡಿತ್ತು. ಧರ್ಮ, ಭಾಷೆ, ಕುಲಗಳ ಕಾರಣದಿಂದ ಪ್ರಜೆಗಳನ್ನು ಕೀಳಾಗಿ ಕಾಣಿಸುವ ಮಾತುಗಳು ಸಲ್ಲವೆಂದು 1856ರಲ್ಲಿ ಸುಲ್ತಾನರು ಶಾಸನ ಹೊರಡಿಸಿದರು. ಇನ್ನು ಮಾಲ್ಟಾ ದ್ವೀಪದ ವಿಷಯ ವಿಶಿಷ್ಟವಾದದ್ದು. ಅಲ್ಲಿಯವರು ಕ್ಯಾಥೊಲಿಕ್ ಕ್ರೈಸ್ತರು, ಅವರ ನುಡಿ ಮಾತ್ರ ಅರಬ್ಬಿಯಿಂದ ಬಂದದ್ದು. ಆ ನುಡಿಯಲ್ಲಿ ‘ಕೀಫೆರ್’ ಎಂದರೆ ಕ್ರೂರಿ. ಧರ್ಮದ ಸೋಂಕು ಪೂರ್ತಿ ಕಳಚಿ, ಬೈಗುಳದ ಕಾವು ಮಾತ್ರ ಉಳಿದಿದೆ.

ಹಿಂದೂಕುಷ್ ಪರ್ವತಗಳಲ್ಲಿ ಒಂದು ನಾಡಿಗೇ ಈ ಹೆಸರಾಯಿತು. ಸುತ್ತಲಿನವರೆಲ್ಲ ಮುಸಲ್ಮಾನರಾದರೂ ತಮ್ಮ ಹಳೆಯ ದೇವತೆಗಳನ್ನು ಬಿಡದ ಜನ ವಾಸಿಸುತ್ತಿದ್ದ ಕಣಿವೆಗಳನ್ನು ಹೊರಗಿನವರು ಕಾಫಿರಿಸ್ತಾನ ಎಂದರು. 1895–96ರ ದಂಡಯಾತ್ರೆಯಲ್ಲಿ ಅಫ್ಘನ್ ಅಮೀರ ಅಬ್ದುರ್ ರಹ್ಮಾನ್ ಅದನ್ನು ಗೆದ್ದು, ಜನರನ್ನು ಮತಾಂತರಿಸಿದ ಮೇಲೆ ನಾಡಿನ ಹೆಸರು ನೂರಿಸ್ತಾನ, ಬೆಳಕಿನ ನಾಡು, ಎಂದಾಯಿತು. ಬ್ರಿಟಿಷ್ ಭಾರತಕ್ಕೂ ಅಫ್ಘಾನಿಸ್ತಾನಕ್ಕೂ ನಡುವೆ ಗಡಿ ಗುರುತಿಸಿದ 1893ರ ಡ್ಯೂರಂಡ್ ಒಪ್ಪಂದದಿಂದ ಗಡಿಯ ಈಚೆಗೆ, ಇಂದಿನ ಪಾಕಿಸ್ತಾನದಲ್ಲಿ, ಉಳಿದ ಚಿತ್ರಾಲಿನ ಕಲಾಶ್ ಜನ ಮಾತ್ರ ತಮ್ಮ ಪೂಜೆ ಹಬ್ಬಗಳನ್ನು ಉಳಿಸಿಕೊಂಡು ಇಂದಿಗೂ ಬುಂಬುರೆತ್, ರುಂಬೂರ್, ಬಿರೀರ್ ಕಣಿವೆಗಳಲ್ಲಿದ್ದಾರೆ.

ಈ ಪದದ ಅತ್ಯಂತ ದುಃಖಕರವಾದ ಅಧ್ಯಾಯ ಬರೆಯಲ್ಪಟ್ಟದ್ದು ಆಫ್ರಿಕದಲ್ಲಿ. ಪೂರ್ವ ಕರಾವಳಿಯ ಅರಬ್ ವ್ಯಾಪಾರಿಗಳು ಇಸ್ಲಾಮಿಗೆ ಸೇರದ ಒಳನಾಡಿನ ಕರಿಯ ಜನರನ್ನು ಕಾಫಿರರು ಎನ್ನುತ್ತಿದ್ದರು. 1498ರಲ್ಲಿ ವಾಸ್ಕೊ ಡ ಗಾಮ ಆ ತೀರವನ್ನು ಮುಟ್ಟಿದ ಮೇಲೆ ಪೋರ್ಚುಗೀಸರು ಅದನ್ನು ‘ಕಾಫ್ರೆ’ ಎಂದು ಎತ್ತಿಕೊಂಡರು. ಅವರು ಸ್ವತಃ ಕ್ರೈಸ್ತರು, ಅರಬ್ಬರ ಲೆಕ್ಕದಲ್ಲಿ ತಾವೂ ಕಾಫಿರರೇ. ಆದರೂ ಆ ಪದವನ್ನು ಮೂರನೆಯವರ ತಲೆಗೆ ಕಟ್ಟಿದರು, ಅವರಿಂದ ಡಚ್ಚರು, ಡಚ್ಚರಿಂದ ಇಂಗ್ಲಿಷರು ಕಲಿತರು. ಹೀಗೆ ಮತವನ್ನು ಕುರಿತ ಮಾತು ಚರ್ಮವನ್ನು ಕುರಿತ ಮಾತಾಯಿತು. ದಕ್ಷಿಣ ಆಫ್ರಿಕದ ಶೋಸಾ ಜನರ ನಾಡನ್ನು 1847ರಲ್ಲಿ ಬ್ರಿಟಿಷ್ ಕಾಫ್ರೇರಿಯ ಎಂಬ ಹೆಸರಿನಲ್ಲಿ ವಶಪಡಿಸಿಕೊಂಡರು. 1779ರಿಂದ 1879ರವರೆಗೆ ನಡೆದ ಒಂಬತ್ತು ಗಡಿ ಯುದ್ಧಗಳನ್ನು ಕಾಫಿರ್ ಯುದ್ಧಗಳೆಂದು ಪುಸ್ತಕಗಳಲ್ಲಿ ಬರೆದರು. ಲಂಡನ್ ಷೇರುಪೇಟೆಯಲ್ಲಿ ದಕ್ಷಿಣ ಆಫ್ರಿಕದ ಗಣಿಗಳ ಷೇರುಗಳಿಗೂ ಅದೇ ಹೆಸರು. ಕ್ರೈಸ್ತ ಧರ್ಮ ಸ್ವೀಕರಿಸಿದ ಶೋಸಾ ಭಕ್ತನೂ ಈ ಹೆಸರಿನಿಂದ ಪಾರಾಗಲಿಲ್ಲ. ನಂಬಿಕೆಯನ್ನು ಬದಲಿಸಿಯೂ ಕಳೆದುಕೊಳ್ಳಲಾಗದ ಗುರುತನ್ನು ಧಾರ್ಮಿಕ ಪದ ಎನ್ನುವುದು ಹೇಗೆ? ವರ್ಣಭೇದ ನೀತಿಯ ದಶಕಗಳಲ್ಲಿ ಅದು ನಿಚ್ಚಳ ಹಿಂಸೆಯ ಭಾಗವಾಯಿತು. ಇಂದು ಅಲ್ಲಿ ‘ಕೆ ಪದ’ ಎಂದಷ್ಟೇ ಹೇಳುತ್ತಾರೆ. ಮೇಲಧಿಕಾರಿಯನ್ನು ಹಾಗೆ ನಿಂದಿಸಿದ ಕಂದಾಯ ಸೇವೆಯ ನೌಕರನೊಬ್ಬನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂಬ ಆದೇಶವನ್ನು 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ರದ್ದುಪಡಿಸಿತು.

ಅದೇ ಕಡಲ ದಾರಿಯಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿ ಈ ಪದವನ್ನು ಬೇರೆ ರೀತಿಯಲ್ಲಿ ಇಟ್ಟುಕೊಂಡಿದೆ. ಶ್ರೀಲಂಕಾದ ಪುತ್ತಲಂ ಪ್ರದೇಶದ ಆಫ್ರಿಕ ಮೂಲದ ಸಣ್ಣ ಸಮುದಾಯ ತನ್ನನ್ನು ಕಾಫಿರರೆಂದೇ ಕರೆದುಕೊಳ್ಳುತ್ತದೆ. ಫ್ರಾನ್ಸಿಗೆ ಸೇರಿದ ರೆಯುನಿಯೊಂ ದ್ವೀಪದಲ್ಲಿ 1848ರ ಡಿಸೆಂಬರ್ 20ರಂದು ಗುಲಾಮಗಿರಿ ಅಳಿಯಿತು, ಪ್ರತಿವರ್ಷ ಆ ದಿನವನ್ನು ‘ಕಾಫ್ ಹಬ್ಬ’ವಾಗಿ ಆಚರಿಸುತ್ತಾರೆ. ಈ ಜನರ ಹೆಸರನ್ನು ತಿದ್ದುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ. ಗಿಡಮರಗಳ ಮಾತು ಬೇರೆ. ಸಸ್ಯಶಾಸ್ತ್ರಜ್ಞರು ಇನ್ನೂರಕ್ಕೂ ಹೆಚ್ಚು ಜೀವಿಗಳ ಲ್ಯಾಟಿನ್ ಹೆಸರುಗಳಲ್ಲಿ ‘ಕಾಫ್ರ’ ಎಂಬುದನ್ನು ಸೇರಿಸಿದ್ದರು. ಅದನ್ನು ‘ಆಫ್ರ’ ಎಂದು ಬದಲಿಸಬೇಕೆಂದು 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ನಿರ್ಧರಿಸಿತು. ಇದು ಬಹಳ ತಡವಾಗಿ ಬಂದ ನ್ಯಾಯ.

ಪಾರಸಿ ಮತ್ತು ಉರ್ದು ಕವಿಗಳು ಮಾತ್ರ ಈ ಪದವನ್ನು ಪ್ರೀತಿಯಿಂದ ಎತ್ತಿಕೊಂಡರು. ಗಜಲುಗಳಲ್ಲಿ ಪ್ರೇಮಿಯ ಮೊರೆಗೆ ಕಿವಿಗೊಡದ ನಲ್ಲೆ ಕಾಫಿರ್. ಪ್ರೇಮದ ಮುಂದೆ ಮತದ ಕಟ್ಟಳೆಗಳನ್ನು ಬಿಟ್ಟುಕೊಟ್ಟ ಪ್ರೇಮಿಯೂ ಕಾಫಿರ್. ‘ನಾನು ಪ್ರೇಮದ ಕಾಫಿರ್’ ಎಂಬ ಸಾಲು ಅಮೀರ್ ಖುಸ್ರೊ ಅವರ ಹೆಸರಿನಲ್ಲಿ ಇಂದಿಗೂ ಕವ್ವಾಲಿಗಳಲ್ಲಿ ಮೊಳಗುತ್ತದೆ. ಬೇರೆಯವರತ್ತ ಬೆರಳು ತೋರಲು ಬಳಸುತ್ತಿದ್ದ ಪದವನ್ನು ಕವಿ ತನ್ನ ಎದೆಗೇ ತಿರುಗಿಸಿಕೊಂಡದ್ದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ.

ಇಂಡೊನೇಷ್ಯದ ಅತಿ ದೊಡ್ಡ ಮುಸ್ಲಿಂ ಸಂಘಟನೆಯಾದ ನಹ್ದಲತುಲ್ ಉಲಮಾ 2019ರಲ್ಲಿ ಪಶ್ಚಿಮ ಜಾವಾದ ಬಂಜಾರ್‌ನಲ್ಲಿ ಸಭೆ ಸೇರಿ, ತಮ್ಮ ದೇಶದ ಮುಸ್ಲಿಮೇತರರನ್ನು ಕಾಫಿರರೆಂದು ಕರೆಯಬಾರದು, ಅವರು ‘ಮುವಾತಿನ್’, ಅಂದರೆ ಸಹನಾಗರಿಕರು, ಎಂದು ತೀರ್ಮಾನಿಸಿತು. ಧರ್ಮಗ್ರಂಥವನ್ನೇ ತಿದ್ದಲು ಹೊರಟಿದ್ದಾರೆಂದು ಟೀಕೆಗಳು ಬಂದಾಗ ಅದರ ವಿದ್ವಾಂಸರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಕುರಾನಿನಲ್ಲಿರುವ ಪದ ಕುರಾನಿನಲ್ಲಿ ಇದ್ದೇ ಇರುತ್ತದೆ, ರಾಷ್ಟ್ರದ ವ್ಯವಹಾರದಲ್ಲಿ, ಒಂದೇ ಸಂವಿಧಾನದ ಕೆಳಗೆ ಬದುಕುವವರ ನಡುವೆ, ಅದಕ್ಕೆ ಸ್ಥಾನವಿಲ್ಲ. ನಮಸ್ಕಾರ.