ಮನೆಯಲ್ಲಿ ಒಲೆ ಎಷ್ಟು?

ಕೇಳುಗರಿಗೆ ನಮಸ್ಕಾರ.

ಆಹಾರ ಇಲಾಖೆಯಲ್ಲಿ ನಿರೀಕ್ಷಕನಾಗಿದ್ದು ಈಚೆಗೆ ನಿವೃತ್ತನಾದವನು ನಾನು. ಸೇವೆಯ ಹೆಚ್ಚಿನ ಪಾಲು ಉಡುಪಿ ಜಿಲ್ಲೆಯಲ್ಲೇ ಕಳೆಯಿತು. ಸುಳ್ಳು ಹೇಳಿ ಪಡಿತರ ಚೀಟಿ ಪಡೆದವರು ಯಾರು, ಬಡವರ ಅಕ್ಕಿಯನ್ನು ಗೋಣಿ ಬದಲಿಸಿ ಮಾರುವವರು ಯಾರು ಎಂದು ಹುಡುಕುವುದು ಆ ಕೆಲಸದ ಒಂದು ಭಾಗ. ಪತ್ತೇದಾರಿಕೆ ಎಂದುಕೊಳ್ಳಬೇಡಿ. ಒಂದು ಬೈಕು, ಒಂದು ಕೊಡೆ, ರಟ್ಟಿನ ಫೈಲು, ದಾರಿ ತೋರಿಸಲು ಊರಿನ ಉಗ್ರಾಣಿ. ಸರಕಾರಿ ಕಾಗದದಲ್ಲಿ ಅವರು ಗ್ರಾಮ ಸಹಾಯಕರು, ನಮ್ಮ ಕಡೆಯ ಬಾಯಲ್ಲಿ ಉಗ್ರಾಣಿ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯದು ಬರೀ ಬೊಗಳುತ್ತದೆ ಎಂಬುದು ಅವರಿಗೆ ಗೊತ್ತು. ಮನುಷ್ಯರ ವಿಷಯವೂ ಸುಮಾರಾಗಿ ಹಾಗೆಯೇ.

ಹೆಚ್ಚಿನ ತನಿಖೆಗಳು ಶುರುವಾಗುತ್ತಿದ್ದುದು ಮೂಗರ್ಜಿಯಿಂದ. ಮೂಗರ್ಜಿ ಎಂದರೆ ಬರೆದವರ ಹೆಸರಿಲ್ಲದ ಅರ್ಜಿ. ಹೆಸರಿಲ್ಲದ್ದು ಹೌದು, ಮೂಕವಾದದ್ದಲ್ಲ. ಅದರಷ್ಟು ಬಾಯಿ ಇರುವ ಬರಹವನ್ನು ನಾನು ಬೇರೆಲ್ಲೂ ಓದಿಲ್ಲ. ಮನೆಯ ಟೈಲ್ಸ್ ಯಾವ ಬಣ್ಣದ್ದು, ಮಗ ದುಬಾಯಿಯಿಂದ ಯಾವ ತಿಂಗಳು ಬಂದಿದ್ದ, ಮಗಳ ಮದುವೆಗೆ ಎಷ್ಟು ಪವನು ಚಿನ್ನ ಹಾಕಿದರು, ಎಲ್ಲವೂ ಇರುತ್ತದೆ. ಕೊನೆಗೆ 'ಇಂತಿ, ನೊಂದ ನಾಗರಿಕ.' ಹದಿನೈದು ವರ್ಷ ಅಂಥ ಕಾಗದ ಓದಿದ ಮೇಲೆ ನನಗೊಂದು ಅಭ್ಯಾಸವಾಯಿತು. ಅರ್ಜಿಯಲ್ಲಿದ್ದ ಮನೆಗೆ ಹೋದಾಗ ಮೊದಲು ಬೇಲಿಯನ್ನು ನೋಡುತ್ತಿದ್ದೆ. ಕಲ್ಲು ಸರಿದಿದೆಯೇ, ತೋಡಿನ ನೀರು ತಿರುಗಿದೆಯೇ, ಗಡಿಯಲ್ಲಿದ್ದ ಹಲಸಿನ ಮರದ ಕೊಂಬೆ ಈಚೆಗೆ ಕಡಿದದ್ದೇ? ಪತ್ರ ಬರೆದವರ ವಿಳಾಸ ಅಲ್ಲಿ ಸಿಕ್ಕಿಬಿಡುತ್ತಿತ್ತು. ಹಾಗೆಂದು ಮೂಗರ್ಜಿಯೆಲ್ಲ ಸುಳ್ಳಲ್ಲ. ಜಗಳ ತೋಡಿನದ್ದಾದರೂ ಒಳಗಿನ ಸುದ್ದಿ ಎಷ್ಟೋ ಸಲ ನಿಜವಾಗಿರುತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ.

ಹಿರಿಯಡಕದಿಂದ ಒಳಗೆ ಹೋಗುವ ಒಂದು ಊರಿನ ಬಗ್ಗೆ ಅಂಥ ಕಾಗದ ಬಂತು. ಎರಡು ಮಾಳಿಗೆಯ ಮನೆ, ಅಂಗಳದಲ್ಲಿ ಕಾರು, ಆದರೂ ಬಿಪಿಎಲ್ ಕಾರ್ಡು. ಆಷಾಢದ ಜಡಿಮಳೆ. ಹೋಗಿ ನೋಡಿದರೆ ಅರ್ಜಿಯ ಒಂದಕ್ಷರವೂ ತಪ್ಪಲ್ಲ. ಮಾಳಿಗೆ ಎರಡು ಇತ್ತು. ಕಾರೂ ಇತ್ತು, ಟಾರ್ಪಾಲಿನಡಿಯಲ್ಲಿ, ನಾಲ್ಕು ಚಕ್ರಗಳೂ ಗಾಳಿಯಿಳಿದು ಕೆಸರಿಗೆ ಕೂತು. ಬಾಗಿಲಿಗೆ ಬಂದ ಹೆಂಗಸಿಗೆ ಐವತ್ತು ದಾಟಿರಬೇಕು. ಕೈಯಲ್ಲಿ ಕತ್ತರಿ, ಮಡಿಲಲ್ಲಿ ಬೀಡಿ ಎಲೆಯ ಚೂರು.

"ಅಮ್ಮ, ಮನೆಯಲ್ಲಿ ಒಲೆ ಎಷ್ಟು?" ಎಂದು ಕೇಳಿದೆ.

ಇದು ನಮ್ಮ ಹಳೆಯ ಪ್ರಶ್ನೆ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ ಎಂಬ ಲೆಕ್ಕವನ್ನೇ ನಾವು ಹಿಡಿದುಕೊಂಡು ಬಂದದ್ದು. ಆಕೆ ಮಾತನಾಡದೆ ಒಳಗೆ ಕರೆದುಕೊಂಡು ಹೋದರು. ದೊಡ್ಡ ಅಡುಗೆಮನೆ, ಗ್ರಾನೈಟು ಕಟ್ಟೆ, ಗ್ಯಾಸ್ ಒಲೆಯ ಮೇಲೆ ಹಳೆಯ ಸೀರೆ ಹೊದಿಸಿದೆ. ಸೀರೆ ಎತ್ತಿ ತೋರಿಸಿದರು. ಬರ್ನರಿನೊಳಗೆ ಜೇಡರ ಬಲೆ. ಅಲ್ಲಿಂದ ಹಿಂದಿನ ಬಾಗಿಲು ದಾಟಿ, ಬಚ್ಚಲಿಗೆ ತಾಗಿಸಿ ಇಳಿಸಿದ ಒಂದು ಮಾಡಿಗೆ. ಅಲ್ಲಿ ಮಣ್ಣಿನ ಒಲೆ, ಹಸಿ ಮಡಲಿನ ಹೊಗೆ, ಗಂಜಿಯ ಪಾತ್ರೆ. ಒಂದು ಚಾಪೆ, ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ. ಮನೆ ಅಣ್ಣನದು. ಅಣ್ಣನಿಗೆ ಮುಂಬಯಿಯಲ್ಲಿ ಹೋಟೆಲು. ವರ್ಷಕ್ಕೊಮ್ಮೆ ನಾಗನ ತಂಬಿಲದ ಪೂಜೆಗೆ ಬರುತ್ತಾರೆ. ತಂಗಿ ದೀಪ ಹಚ್ಚಿಕೊಂಡು ಮನೆ ಕಾಯುತ್ತಾರೆ. ಕಾರ್ಡಿನಲ್ಲಿದ್ದದ್ದು ಅವರೊಬ್ಬರ ಹೆಸರು. ಉಗ್ರಾಣಿಯ ಜೊತೆ ಇನ್ನೊಬ್ಬರನ್ನು ಪಂಚರಾಗಿ ಕರೆದು ಮಹಜರು ಬರೆದೆ. 'ವಾಸದ ಮನೆ ಭವ್ಯ, ವಾಸಿಸುವವರು ಬಡವರು' ಎಂಬರ್ಥದಲ್ಲಿ ಏನೋ ಬರೆದಿದ್ದೆ. ಕಚೇರಿಯಲ್ಲಿ ನಕ್ಕರು. ಕಾರ್ಡು ಉಳಿಯಿತು.

ಮನೆ ಒಬ್ಬರದು, ಬದುಕು ಇನ್ನೊಬ್ಬರದು ಎಂಬುದು ಕರಾವಳಿಯಲ್ಲಿ ಹೊಸತಲ್ಲ. ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ, ಅಂದರೆ ಅಳಿಯಸಂತಾನದ, ಕುಟುಂಬಗಳಲ್ಲಿ ಹೆಣ್ಣು ತಾಯಿಯ ಮನೆಯಲ್ಲೇ ಇದ್ದು, ಗಂಡ ತನ್ನ ತಾಯಿಯ ಮನೆಯಲ್ಲಿ ದುಡಿಯುತ್ತಿದ್ದ ಕಾಲ ನಮ್ಮ ಅಜ್ಜಿಯರಿಗೆ ನೆನಪಿತ್ತು. 1949ರಲ್ಲಿ ಮದ್ರಾಸು ಸರಕಾರ ಅಳಿಯಸಂತಾನಕ್ಕೆಂದೇ ಕಾಯಿದೆ ಮಾಡಿದ ಪ್ರದೇಶ ಇದು. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಮೇಲಧಿಕಾರಿಯೊಬ್ಬರು ಅಂಥ ಒಂದು ಮನೆಯ ಫೈಲು ನೋಡಿ, "ಗಂಡ ಇದ್ದಾನೆ, ಬೇರೆ ಮನೆಯಲ್ಲಿದ್ದಾನೆ. ಇದು ಕಾರ್ಡಿಗಾಗಿ ಮಾಡಿದ ನಾಟಕವಲ್ಲವೇ?" ಎಂದು ಕೇಳಿದ್ದರು. ನಾಟಕವಿರಲಿಲ್ಲ, ಪದ್ಧತಿಯ ಪಳೆಯುಳಿಕೆ ಇತ್ತು. ವಿವರಿಸಲು ಅರ್ಧ ದಿನ ಹಿಡಿಯಿತು. 2013ರ ಆಹಾರ ಭದ್ರತಾ ಕಾಯಿದೆ, ಹದಿನೆಂಟು ತುಂಬಿದ ಹಿರಿಯ ಹೆಣ್ಣೇ ಪಡಿತರ ಚೀಟಿಗೆ ಕುಟುಂಬದ ಯಜಮಾನಿ ಎಂದಾಗ ಬೇರೆ ಕಡೆ ದೊಡ್ಡ ಸುದ್ದಿಯಾಯಿತಂತೆ. ನಮ್ಮಲ್ಲಿ ಒಬ್ಬ ಅಜ್ಜಿ, "ಈಗ ಗೊತ್ತಾಯಿತೋ ಇವರಿಗೆ?" ಎಂದಿದ್ದರು.

ಇನ್ನು ನಿಯಮಗಳ ಮಾತು. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ 20 ಸಾವಿರ ರೂಪಾಯಿ ಮೀರಬಾರದು. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರು, ಸ್ವಂತ ಓಡಾಟಕ್ಕೆ ನಾಲ್ಕು ಚಕ್ರದ ವಾಹನ ಇಟ್ಟುಕೊಂಡವರು ಅನರ್ಹರು. ಹೊಟ್ಟೆಪಾಡಿಗೆ ಓಡಿಸುವ ಹಳದಿ ಬೋರ್ಡಿನ ಗಾಡಿ ಒಂದಿದ್ದರೆ ವಿನಾಯಿತಿ. ಇದರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಆದಾಯದ ಮಿತಿ. 1 ಲಕ್ಷ 20 ಸಾವಿರವೆಂದರೆ ತಿಂಗಳಿಗೆ ಹತ್ತು ಸಾವಿರ. ದಿನಕ್ಕೆ 600 ರೂಪಾಯಿ ಸಂಬಳದ ಕೂಲಿಯಾಳು ತಿಂಗಳಲ್ಲಿ ಹದಿನೇಳು ದಿನ ದುಡಿದರೆ ಗೆರೆ ದಾಟಿದ ಹಾಗೆ. ಅಡಿಕೆ ಮರ ಹತ್ತುವವರು, ಗಾರೆ ಕೆಲಸದವರು 600ಕ್ಕೆ ಎಲ್ಲಿ ಸಿಗುತ್ತಾರೆ? ಅಂದರೆ ಮೈಮುರಿದು ದುಡಿಯುವ ಯಾರೂ ನಿಜ ಹೇಳಿ ಆದಾಯ ಪ್ರಮಾಣಪತ್ರ ಪಡೆಯುವ ಹಾಗಿಲ್ಲ. ಆ ಪ್ರಮಾಣಪತ್ರಗಳನ್ನು ನಾನು ನೋಡಿದ್ದೇನೆ. ಮೇಸ್ತ್ರಿಗೂ ಮೀನು ಹೊರುವವಳಿಗೂ ಒಂದೇ ಅಚ್ಚಿನ ಆದಾಯ. ಎಲ್ಲರೂ ಸುಳ್ಳು ಹೇಳಲೇಬೇಕಾದ ಕಡೆ ಸುಳ್ಳನ ಪತ್ತೆಗೆಂದು ನನಗೆ ಸಂಬಳ ಕೊಡುತ್ತಿದ್ದರು.

ಅಷ್ಟಕ್ಕೂ ಜನ ಕಾರ್ಡಿಗೆ ಹಾತೊರೆಯುತ್ತಿದ್ದುದು ಅಕ್ಕಿಗಲ್ಲ. ಸುತ್ತ ದೊಡ್ಡ ಆಸ್ಪತ್ರೆಗಳಿರುವ ಜಿಲ್ಲೆಗಳು ನಮ್ಮವು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ವೆಚ್ಚದ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಆದಾಯದ ಗೆರೆಗಿಂತ ಸ್ವಲ್ಪ ಮೇಲಿರುವ ಮನೆ ಒಂದು ಹೃದಯದ ಶಸ್ತ್ರಚಿಕಿತ್ಸೆಗೆ ನೆಲಕಚ್ಚುತ್ತದೆ. "ಸಾರ್, ಅಕ್ಕಿ ನೀವೇ ಇಟ್ಟುಕೊಳ್ಳಿ, ಕಾರ್ಡು ಕೊಡಿ" ಎಂದವರನ್ನು ವಂಚಕರೆಂದು ಕರೆಯಲು ನನಗೆ ನಾಲಿಗೆ ಬರುತ್ತಿರಲಿಲ್ಲ. ಕಾಯಿದೆ ಪ್ರಕಾರ ಮಾತ್ರ ಅವರು ವಂಚಕರೇ. ಬರೆಯುತ್ತಿದ್ದೆ.

ಅಕ್ಕಿಯ ಕತೆಯೇ ಬೇರೆ. ಕರಾವಳಿಯ ಹೊಟ್ಟೆ ಕೇಳುವುದು ಕುಚ್ಚಲಕ್ಕಿ, ಭತ್ತ ಬೇಯಿಸಿ ಮಾಡಿದ್ದು. ಸೊಸೈಟಿಯಲ್ಲಿ ಸಿಗುವುದು ಹೆಚ್ಚಾಗಿ ಬೆಳ್ತಿಗೆ, ಬೇಯಿಸದ ಭತ್ತದ ಬಿಳಿ ಅಕ್ಕಿ. ದೋಸೆಗೆ, ಕಡುಬಿಗೆ ಎಷ್ಟೆಂದು ಬೇಕು? ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿನ ಮನೆಗೆ 35 ಕಿಲೋ ಬಂದು ಬೀಳುತ್ತದೆ. ಗಂಜಿಗೆ ಆಗದ ಅಕ್ಕಿಯನ್ನು ಮನೆಬಾಗಿಲಿಗೆ ರಿಕ್ಷಾದಲ್ಲಿ ಬಂದವನಿಗೆ ತೂಗಿ ಕೊಟ್ಟು, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಕುಚ್ಚಲಕ್ಕಿ ತರುತ್ತಾರೆ. ಮಾರುವುದು ಅಪರಾಧ, ಕಾರ್ಡೇ ಹೋಗಬಹುದು. ಆದರೆ ಉಣ್ಣದ ಅಕ್ಕಿಯನ್ನು ಕೊಟ್ಟದ್ದು ಯಾರು ಎಂದು ಒಬ್ಬ ಹೆಂಗಸು ನನ್ನನ್ನೇ ಕೇಳಿದಾಗ ನಾನು ಕೊಡೆ ಬಿಡಿಸಿ ಹೊರಟುಬಿಟ್ಟಿದ್ದೆ.

ನಾವು ಹಿಡಿಯಬೇಕಾದದ್ದು ರಿಕ್ಷಾದ ಹಿಂದಿದ್ದ ಗೋದಾಮನ್ನು. ಒಮ್ಮೆ ಹಿಡಿದೆವು. ಒಳಗೆ ಹೊಸ ಚೀಲಗಳ ಸಾಲು, ಚೆಂದದ ಕಮಲದ ಚಿತ್ರ. ಅಂಗಡಿಯವರ ಕೈಯಲ್ಲಿ ಬಿಲ್ಲು ಸಿದ್ಧ. ಪಡಿತರದ್ದೆಂದು ಹೇಳುವುದು ಹೇಗೆ? ಅಕ್ಕಿಗೆ ಮುಖವಿಲ್ಲ. ಆದರೆ ಆ ವರ್ಷಗಳಲ್ಲಿ ಪಡಿತರಕ್ಕೆ ಬರುತ್ತಿದ್ದುದು ಸಾರವರ್ಧಿತ ಅಕ್ಕಿ. ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ಯಂತ್ರದಲ್ಲಿ ತಯಾರಿಸಿದ ಕಾಳುಗಳನ್ನು ನೂರಕ್ಕೆ ಒಂದರ ಪ್ರಮಾಣದಲ್ಲಿ ಬೆರೆಸಿರುತ್ತಿದ್ದರು. ಪ್ಲಾಸ್ಟಿಕ್ ಅಕ್ಕಿ ಎಂದು ಜನ ಹೆದರಿ ಆರಿಸಿ ಎಸೆಯುತ್ತಿದ್ದದ್ದು ಈ ಕಾಳನ್ನೇ. ಮೂಲೆಯಲ್ಲಿದ್ದ ತಡ್ಪೆ ತರಿಸಿ, ಒಂದು ಚೀಲ ಬಿಚ್ಚಿಸಿ, ಎರಡು ಹಿಡಿ ಹರಡಿ ಬೆಳಕಿಗೆ ಹಿಡಿದೆ. ಬೆಳ್ಳಗಿನ ಕಾಳುಗಳ ನಡುವೆ ಅಲ್ಲಲ್ಲಿ ಮಂಕಾದ, ತುಸು ಹಳದಿಗೆ ತಿರುಗಿದ, ಹೊಳಪಿಲ್ಲದ ಕಾಳು. ಬೆರಳಿನಿಂದ ಒಂದೊಂದನ್ನೇ ಬದಿಗೆ ಸರಿಸುತ್ತ ಹೋದೆ. ಏಳು, ಎಂಟು, ಒಂಬತ್ತು. ಬಿಲ್ಲು ಹಿಡಿದ ಕೈ ಮೆಲ್ಲನೆ ಕೆಳಗಿಳಿಯಿತು. ಅಷ್ಟರಿಂದಲೇ ಮೊಕದ್ದಮೆ ನಿಲ್ಲದು, ಮಾದರಿ ತೆಗೆದು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಅಗತ್ಯ ವಸ್ತುಗಳ ಕಾಯಿದೆ 1955ರದ್ದು. ಅದರ ಕೆಳಗೆ ಜಿಲ್ಲಾಧಿಕಾರಿ ಸರಕನ್ನು ಮುಟ್ಟುಗೋಲು ಹಾಕಬಹುದು, ಹರಾಜು ಹಾಕಿಸಬಹುದು. ಹರಾಜು ಕೂಗುವವರ ನಡುವೆ ಒಂದೆರಡು ಪರಿಚಿತ ಮುಖಗಳೂ ಕಾಣುತ್ತಿದ್ದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನನ್ನದೇ ಒಂದು ತಪ್ಪನ್ನು ಹೇಳಬೇಕು. ನ್ಯಾಯಬೆಲೆ ಅಂಗಡಿಗಳಿಗೆ ಬೆರಳಚ್ಚಿನ ಯಂತ್ರ ಬಂದ ಮೇಲೆ ತಿಂಗಳುಗಟ್ಟಲೆ ಅಕ್ಕಿ ಒಯ್ಯದವರ ಪಟ್ಟಿ ತಾನಾಗಿಯೇ ಬರತೊಡಗಿತು. ಒಯ್ಯದವರೆಂದರೆ ಊರು ಬಿಟ್ಟವರು, ಸತ್ತವರು, ಅಥವಾ ಇಲ್ಲದವರು ಎಂದು ನಮ್ಮ ಎಣಿಕೆ. ಮಾರ್ಚ್ ತಿಂಗಳು, ಮೇಲಿನಿಂದ ಒತ್ತಡ. ಮನೆಮನೆಗೆ ಹೋಗದೆ, ಮೇಜಿನ ಮುಂದೆ ಕೂತೇ ಒಂದು ಪಟ್ಟಿಗೆ ಸಹಿ ಹಾಕಿದೆ.

ಎರಡು ತಿಂಗಳ ಬಳಿಕ ಒಬ್ಬ ಹೆಂಗಸು ಬಂದರು. ಕಾರ್ಕಳದ ಕಡೆಯವರು, ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ. ಬೈಯಲಿಲ್ಲ, ಅಳಲಿಲ್ಲ. ಅಂಗಡಿಯ ಸಾಲದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಅಕ್ಕಿ, ಅಕ್ಕಿ, ಅಕ್ಕಿ, ಉಪ್ಪು, ಅಕ್ಕಿ. ಆಮೇಲೆ ಎರಡೂ ಅಂಗೈಗಳನ್ನು ಆ ಪುಸ್ತಕದ ಮೇಲೆಯೇ ಅಂಗಾತ ಇಟ್ಟರು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೆರಳ ತುದಿಗಳು ಕಪ್ಪಾಗಿ, ಒಡೆದು, ಮತ್ತೆ ಕೂಡಿ ನುಣುಪಾಗಿದ್ದವು. ಗೆರೆಯೇ ಇರಲಿಲ್ಲ. ಪ್ರತಿ ತಿಂಗಳೂ ಸೊಸೈಟಿಗೆ ಹೋಗಿದ್ದಾರೆ, ಯಂತ್ರ ಒಪ್ಪಲಿಲ್ಲ, ನಾಳೆ ಬನ್ನಿ ಎಂದಿದ್ದಾರೆ, ಬಂದಿದ್ದಾರೆ, ಮತ್ತೆ ಒಪ್ಪಲಿಲ್ಲ. "ಎಂಕ್ ಗೊತ್ತುಜ್ಜಿ ಸಾರ್, ಯಾನ್ ಉಲ್ಲೆ" ಎಂದರು. ತುಳು ಬಾರದವರಿಗೆ ಹೇಳುತ್ತೇನೆ: ನನಗೆ ಗೊತ್ತಿಲ್ಲ ಸಾರ್, ನಾನು ಇದ್ದೇನೆ ಎಂದರ್ಥ. ಅವರ ಕಾರ್ಡನ್ನು ಮರಳಿ ಚಾಲ್ತಿಗೆ ತರಲು ಇನ್ನೂ ಆರು ವಾರ ಓಡಾಡಿದೆ. ರದ್ದು ಮಾಡಲು ನನಗೆ ಬೇಕಾದದ್ದು ಒಂದು ಸಹಿ. ಪಟ್ಟಿಯಲ್ಲಿದ್ದ ಉಳಿದವರ ಮನೆಗಳಿಗೂ ಆ ಮಳೆಗಾಲದಲ್ಲಿ ಹೋಗಿಬಂದೆ. ಹೆಚ್ಚಿನ ಕಡೆ ನನ್ನ ಎಣಿಕೆಯೇ ಸರಿಯಾಗಿತ್ತು. ಅದರಿಂದೇನೂ ಸಮಾಧಾನವಾಗಲಿಲ್ಲ.

ಕೊನೆಯದಾಗಿ ಒಂದು ಒಲೆಯ ಸಂಗತಿ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಬಂತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಮೇಲಿನ ಹೆಸರು ಯಾರದೋ ಅವರು. ಅತ್ತೆ. ಸೊಸೆಯಂದಿರಿಗೂ ಯಜಮಾನಿಯಾಗುವ ಮನಸ್ಸಾಯಿತು. ಬೇರೆ ಕಾರ್ಡು ಬೇಕೆಂಬ ಅರ್ಜಿಗಳು ನಮ್ಮ ಕಚೇರಿಯಲ್ಲಿ ರಾಶಿ ಬಿದ್ದವು.

ಬ್ರಹ್ಮಾವರದ ಹತ್ತಿರ ಒಂದು ಮನೆಗೆ ಸ್ಥಳ ಪರಿಶೀಲನೆಗೆ ಹೋದೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಅತ್ತೆ. ನಾನು ಬರುವ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಒಲೆ ಎಷ್ಟು ಎಂದು ಕೇಳುವ ಮೊದಲೇ ಕಿರಿಯ ಸೊಸೆ, "ನಮ್ಮದು ಬೇರೆ ಸಾರ್" ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು. ತೆಂಗಿನ ಬುಡದಲ್ಲಿ ಮೂರು ಕೆಂಪುಕಲ್ಲು. ಅದರ ಮೇಲೆ ಅಲ್ಯೂಮಿನಿಯಂ ಪಾತ್ರೆ. ಬಗ್ಗಿ ನೋಡಿದೆ. ಪಾತ್ರೆಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಕಲ್ಲುಗಳಲ್ಲಿ ಒಂದು ಚುಕ್ಕೆ ಮಸಿಯಿಲ್ಲ. ಅತ್ತೆ ಬಾಯಿಗೆ ಸೆರಗು ಒತ್ತಿ ನಕ್ಕರು, ಹಿರಿಯ ಸೊಸೆ ನಕ್ಕರು, ಕೊನೆಗೆ ಕಿರಿಯವರೂ ನಕ್ಕರು. ನನಗೆ ಆ ಮನೆಯಲ್ಲಿ ಎಲ್ಲರಿಗೂ ಮಾಡಿದ್ದ ಕಡುಬು ಕೊಟ್ಟರು. ತಿಂದೆ. 'ಪ್ರತ್ಯೇಕ ಒಲೆಯಲ್ಲಿ ಬಳಕೆಯ ಗುರುತಿಲ್ಲ, ಕುಟುಂಬ ಒಂದೇ' ಎಂದು ವರದಿ ಬರೆದೆ.

ಮುಂದಿನ ವರ್ಷ ಬೇರೊಂದು ತನಿಖೆಗೆ ಅದೇ ದಾರಿಯಲ್ಲಿ ಹೋಗುತ್ತಿದ್ದಾಗ ನೀರು ಕುಡಿಯಲೆಂದು ಆ ಮನೆಯ ಅಂಗಳಕ್ಕೆ ಇಳಿದೆ. ಅತ್ತೆ ಚಾವಡಿಯಲ್ಲಿ ಒಬ್ಬರೇ ಕೂತಿದ್ದರು. ಅಂಗಳದ ನಡುವೆ ಅಡ್ಡಲಾಗಿ ಅಡಿಕೆ ಸಲಕೆಯ ಬೇಲಿ ಬಂದಿತ್ತು. ಬೇಲಿಯಾಚೆ ಅದೇ ಮೂರು ಕಲ್ಲು, ಮೇಲೆ ತಗಡಿನ ಮಾಡು. ಪಾತ್ರೆಯ ತಳ ಕಪ್ಪಾಗಿತ್ತು. ಕಲ್ಲುಗಳ ಮೇಲೆ ಕೈಬೆರಳಿನಷ್ಟು ದಪ್ಪ ಮಸಿ ಕೂತಿತ್ತು. ಅತ್ತೆ ಬೆಲ್ಲ ನೀರು ತಂದು ಕೊಟ್ಟರು. ಒಲೆ ಎಷ್ಟು ಎಂದು ನಾನು ಕೇಳಲಿಲ್ಲ.

ನಮಸ್ಕಾರ.