ಕಾರು ಕೊಂಡಿರಿ, ಹೆಸರು ಯಾರದು?

ಕೇಳುಗರಿಗೆ ನಮಸ್ಕಾರ. ಮುಂಬಯಿ ಕಡೆಯ ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಪರಿಚಯದವರೊಬ್ಬರು ನಿವೃತ್ತರಾಗಿ ಊರಿಗೆ ಹೊರಟಿದ್ದಾರೆ, ಅವರ ಕಾರನ್ನು ನೀವು ಕೊಳ್ಳುವವರಿದ್ದೀರಿ ಎನ್ನೋಣ. ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಹಳೆಯ ಕಾರಿಗೂ ಶೇಕಡಾ 18 ತೆರಿಗೆಯಂತಲ್ಲ?’

ಹೆದರಬೇಡಿ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಹಾಗೊಂದು ತೀರ್ಮಾನ ಮಾಡಿದ್ದು ನಿಜ. ಆದರೆ ಆ ತೆರಿಗೆ ನೋಂದಾಯಿತ ವ್ಯಾಪಾರಿಗೆ, ಅದೂ ಅವನಿಗೆ ಸಿಕ್ಕ ಲಾಭದ ಮೇಲೆ ಮಾತ್ರ. ಜಿಎಸ್‌ಟಿ ನೋಂದಣಿಯಿಲ್ಲದವರು ತಾವು ಓಡಿಸಿದ ಕಾರನ್ನು ನಿಮಗೆ ಮಾರಿದರೆ ಅದು ಅನ್ವಯಿಸುವುದಿಲ್ಲ.

ತೆರಿಗೆಯ ಬಿಸಿ ತಾಗುವುದು ಊರಿನ, ಅಂದರೆ ಮಂಗಳೂರಿನ ಕೆಎ 19 ಫಲಕದ ಕಾರಿನ ಮೇಲೆ ಮನಸ್ಸಾದಾಗ. ಮಂಗಳೂರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರಬೇಕು, ಇಲ್ಲಿ ಮಹಾರಾಷ್ಟ್ರದ ರಸ್ತೆ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು, ಆಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸು ಕೇಳಬೇಕು. ಅಗ್ಗದ ಕಾರು ಅಷ್ಟೇನೂ ಅಗ್ಗವಲ್ಲ ಎಂದು ಆಗ ತಿಳಿಯುತ್ತದೆ.

ನಿಜವಾದ ಅಪಾಯ ತೆರಿಗೆಯಲ್ಲಿಲ್ಲ, ನಮ್ಮವರ ದಾಕ್ಷಿಣ್ಯದಲ್ಲಿದೆ. ಮಾಲೀಕರ ಹೆಸರು ಬದಲಿಸಲು ಆರ್‌ಟಿಒಗೆ ಕೊಡುವ ನಮೂನೆ 29 ಮತ್ತು 30ಕ್ಕೆ ಮಾರುವವರು ಸಹಿ ಹಾಕಿ, ದಿನಾಂಕದ ಜಾಗವನ್ನು ಖಾಲಿ ಬಿಟ್ಟು, ‘ನಿಧಾನವಾಗಿ ಮಾಡಿಸಿಕೊಳ್ಳಿ’ ಎಂದು ಬೀಗದ ಕೈ ಕೊಡುತ್ತಾರೆ. ಕೊಂಡವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಅಪಘಾತವಾದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣವನ್ನು ತೀರ್ಮಾನಿಸಿತು. ಕಾರು ಹಲವರ ಕೈ ದಾಟಿತ್ತು, ಆರ್‌ಟಿಒ ದಾಖಲೆಯಲ್ಲಿ ಮಾತ್ರ ಹಳೆಯ ಮಾಲೀಕರ ಹೆಸರೇ ಇತ್ತು. ಪರಿಹಾರದ ಹೊಣೆ ಅವರ ತಲೆಗೇ ಬಂತು. ಮಾರಿ ಕೈತೊಳೆದುಕೊಂಡೆ ಎನ್ನುವವರು ಇದನ್ನು ಗಮನಿಸಬೇಕು.

ಕಾನೂನು ಕೊಡುವ ಗಡುವು ಚಿಕ್ಕದು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೀಲಿ ಕೈ ಬದಲಾಗುವ ದಿನವೇ, ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿದ ಚೀಟಿಯೊಂದನ್ನು ಇಟ್ಟುಕೊಳ್ಳಿ. ಆ ಸಂಜೆಯ ಕೆಂಪು ಸಿಗ್ನಲ್ ಯಾರು ದಾಟಿದರೆಂಬ ಜಗಳ ತಪ್ಪುತ್ತದೆ.

ಹಣ ಕೊಡುವ ಮುಂಚೆ ಬಾಕಿ ಚಲನ್‌ಗಳನ್ನು ಆನ್‌ಲೈನಿನಲ್ಲಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ‘ಸಾಲ ತೀರಿದೆ’ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಸಾಲದ ನಮೂದನ್ನು ಆರ್‌ಸಿಯಿಂದ ತೆಗೆಸಲು ಬೇಕಾದ, ಬ್ಯಾಂಕ್ ಸಹಿ ಹಾಕಿದ ನಮೂನೆ 35 ಕೈಗೆ ಬರಲಿ. ಎರಡು ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಬ್ಯಾಂಕಿನ ಮೂಲಕವೇ ಕೊಡಿ.

ಕೊನೆಗೆ ವಿಮೆ. ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಒಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್, ಅಂದರೆ ಪರಿಹಾರ ಕೇಳದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ಹಣವನ್ನು ವಿಮಾ ಕಂಪನಿ ನಿಮ್ಮಿಂದ ಕೇಳುತ್ತದೆ, ಬೆಲೆ ಚೌಕಾಸಿ ಮಾಡುವಾಗಲೇ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮಸ್ಕಾರ.