ಹಿಡಿಯುವ, ಬಿಡುವ ಲೋಹ: ನಿಕಲ್ ಕುರಿತು ಹಾಸನದಲ್ಲಿ ಒಂದು ಉಪನ್ಯಾಸ

ಹಿರಿಯರಿಗೆ, ಅಧ್ಯಾಪಕ ಮಿತ್ರರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ನಮ್ಮ ದೇಶಕ್ಕೆ ಬೇಕಾದ ನಿಕಲ್‌ನ ಬಹುಪಾಲು ಹೊರಗಿನಿಂದ ಬರುತ್ತದೆ. ಆದರೂ ಅದರ ಸ್ವಭಾವವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಮತ್ತು ಸಕಲೇಶಪುರದ ಕಾಫಿ ತೋಟ ಎರಡೇ ಸಾಕು.

ಪಠ್ಯಪುಸ್ತಕದ ವಿವರಗಳನ್ನು ಬೇಗ ಮುಗಿಸುತ್ತೇನೆ. ಪರಮಾಣು ಸಂಖ್ಯೆ 28. ಬೆಳ್ಳಿಯಂತಹ ಬಿಳುಪು, ಅದರಲ್ಲಿ ತುಸು ಹಳದಿ ಛಾಯೆ. ಘನ ಸೆಂಟಿಮೀಟರಿಗೆ 8.9 ಗ್ರಾಂ ಸಾಂದ್ರತೆ. ಕರಗಲು 1455 ಡಿಗ್ರಿ ಸೆಲ್ಸಿಯಸ್ ಬೇಕು. ಕಬ್ಬಿಣ, ಕೋಬಾಲ್ಟ್‌ಗಳಂತೆ ಅಯಸ್ಕಾಂತಕ್ಕೆ ಅಂಟುತ್ತದೆ. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಡ್ ಇದನ್ನು ಗುರುತಿಸಿದರು. ಇಷ್ಟು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ನಿಕಲ್ ಅರ್ಥವಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಗುಣ ಬೇರೆ: ಇತರ ಅಣುಗಳನ್ನು ಅದು ಹದವಾಗಿ ಹಿಡಿಯುತ್ತದೆ, ಸಮಯ ಬಂದಾಗ ಬಿಡುತ್ತದೆ.

1890ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಶೋಧವನ್ನು ನೋಡಿ. ಕಲಬೆರಕೆಯ ನಿಕಲ್ ಪುಡಿಯ ಮೇಲೆ ಸುಮಾರು 50 ಡಿಗ್ರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ, ಒಂದೊಂದು ನಿಕಲ್ ಪರಮಾಣುವೂ ನಾಲ್ಕು ಅಣುಗಳನ್ನು ಹಿಡಿದುಕೊಂಡು ಆವಿಯಾಗಿ ಏಳುತ್ತದೆ. ಕಶ್ಮಲ ಹಿಂದೆ ಉಳಿಯುತ್ತದೆ. ಅದೇ ಆವಿಯನ್ನು 230 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ನಾಲ್ಕೂ ಅಣುಗಳು ಕಳಚಿಕೊಂಡು, ಶುದ್ಧ ನಿಕಲ್ ಪದರಪದರವಾಗಿ ಕೂಡುತ್ತದೆ. ರಸಾಯನಶಾಸ್ತ್ರದಲ್ಲಿ ಇಷ್ಟು ಸೊಗಸಾದ ಶುದ್ಧೀಕರಣವನ್ನು ನಾನು ಬೇರೆ ಕಂಡಿಲ್ಲ. ಆದರೆ ಆ ಆವಿ ಘೋರ ವಿಷ. ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಇದನ್ನು ಮಾಡಿ ನೋಡುವ ಯೋಚನೆ ಬೇಡ.

ಹೈಡ್ರೋಜನ್ ವಿಷಯದಲ್ಲೂ ಹೀಗೆಯೇ. ಚಿನ್ನ ಅದನ್ನು ಹಿಡಿಯುವುದೇ ಇಲ್ಲವೆನ್ನಬಹುದು; ಟಂಗ್‌ಸ್ಟನ್ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನಿಕಲ್ ಹೈಡ್ರೋಜನ್ ಅಣುವನ್ನು ಎರಡಾಗಿ ಸೀಳಿ, ಮೈಮೇಲೆ ಕೂರಿಸಿಕೊಂಡು, ಪಕ್ಕಕ್ಕೆ ಬಂದ ಎಣ್ಣೆಗೆ ದಾಟಿಸುತ್ತದೆ. ಇಂತಹ ಕ್ರಿಯೆಗಳನ್ನು ತೋರಿಸಿಕೊಟ್ಟ ಫ್ರಾನ್ಸಿನ ಪಾಲ್ ಸಬಾಟಿಯೆ ಅವರಿಗೆ 1912ರಲ್ಲಿ ನೊಬೆಲ್ ದೊರೆಯಿತು. ಎಣ್ಣೆಯನ್ನು ತುಪ್ಪದಂತೆ ಗಟ್ಟಿಯಾಗಿಸಿದ ವನಸ್ಪತಿ ತಯಾರಾಗಿದ್ದು ಈ ದಾರಿಯಲ್ಲಿ. ಅದರ ಕೇಡೂ ಇಲ್ಲಿಂದಲೇ ಹುಟ್ಟಿತು: ಕೆಲವೊಮ್ಮೆ ನಿಕಲ್ ಅರ್ಧ ಕೊಟ್ಟ ಹೈಡ್ರೋಜನ್ನನ್ನು ಮರಳಿ ಪಡೆಯುತ್ತದೆ, ಆಗ ಎಣ್ಣೆಯ ಅಣುವಿನ ಸರಪಳಿ ತಿರುಚಿಕೊಂಡು, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಾಗುತ್ತದೆ. 2022ರಿಂದ ನಮ್ಮ ದೇಶದಲ್ಲಿ ಇದಕ್ಕೆ ಶೇಕಡಾ 2ರ ಮಿತಿಯಿದೆ. ಆ ಮಿತಿ ಬಂದದ್ದು ತಡವಾಯಿತು ಎಂದೇ ನನ್ನ ಅಭಿಪ್ರಾಯ.

ಈಗ ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರಕ್ಕೆ, ಅಂದರೆ ಎಂಸಿಎಫ್‌ಗೆ ಬರೋಣ. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಇಸ್ರೋ ಕಟ್ಟಿದ ಈ ಕೇಂದ್ರ, ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಸುತ್ತಮುತ್ತ, ಪ್ರತಿ ಸಲ ಸುಮಾರು 45 ದಿನ, ಅಂತಹ ಉಪಗ್ರಹಗಳು ದಿನಕ್ಕೊಮ್ಮೆ ಭೂಮಿಯ ನೆರಳನ್ನು ಹೊಕ್ಕು ಬರುತ್ತವೆ. ಗರಿಷ್ಠ 72 ನಿಮಿಷ ಕತ್ತಲೆ. ಸೌರಫಲಕ ಸುಮ್ಮನಾದಾಗ ಬ್ಯಾಟರಿಯೇ ಗತಿ. ಸಂಪರ್ಕ ಉಪಗ್ರಹಗಳಲ್ಲಿ ದಶಕಗಟ್ಟಲೆ ಈ ಹೊಣೆ ಹೊತ್ತದ್ದು ನಿಕಲ್–ಕ್ಯಾಡ್ಮಿಯಂ, ಆಮೇಲೆ ನಿಕಲ್–ಹೈಡ್ರೋಜನ್ ಬ್ಯಾಟರಿ. ವಿದ್ಯುತ್ ಕೊಡುವಾಗ ಅಲ್ಲಿನ ನಿಕಲ್ ಸಂಯುಕ್ತ ಒಂದು ಪ್ರೋಟಾನನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಚಾರ್ಜ್ ಆಗುವಾಗ ಹೊರಗೆ ಬಿಡುತ್ತದೆ. ಸಾವಿರಾರು ಸಲ ಹೀಗಾದರೂ ಅದರ ರಚನೆ ಹೆಚ್ಚು ಕೆಡುವುದಿಲ್ಲ. 1990ರಲ್ಲಿ ಹಾರಿದ ಹಬಲ್ ಬಾಹ್ಯಾಕಾಶ ದೂರದರ್ಶಕದ ನಿಕಲ್–ಹೈಡ್ರೋಜನ್ ಬ್ಯಾಟರಿಗಳನ್ನು ಬದಲಿಸಿದ್ದು 2009ರಲ್ಲಿ. ಈಗ ಲಿಥಿಯಂ ಅಯಾನು ಬ್ಯಾಟರಿಗಳ ಕಾಲ. ಅವುಗಳಲ್ಲಿಯೂ ಹಲವು ಬಗೆಗಳಿಗೆ ನಿಕಲ್ ಬೇಕು.

ತೋಟದವರಿಗೆ ಒಂದು ಮಾತು. ನೀವು ಕಾಫಿ ಗಿಡದ ಬುಡಕ್ಕೆ ಹಾಕುವ ಯೂರಿಯಾ ಬರಿಯ ನೀರಿನಲ್ಲಿದ್ದರೆ ವರ್ಷಗಟ್ಟಲೆ ಒಡೆಯದೆ ಉಳಿಯಬಲ್ಲದು. ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯಾ ಆಗುವುದು ಯೂರಿಯೇಸ್ ಎಂಬ ಕಿಣ್ವದಿಂದ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅವರೆ ಜಾತಿಯ ಒಂದು ಕಾಳಿನಿಂದ ಅದನ್ನು ಹರಳುಗಟ್ಟಿಸಿದರು. ಕಿಣ್ವವೊಂದು ಹರಳಾದದ್ದು ಅದೇ ಮೊದಲು. ಅದರ ಹೃದಯದಲ್ಲಿ ನಿಕಲ್ ಇದೆಯೆಂದು ತಿಳಿದದ್ದು 1975ರಲ್ಲಿ. ಎರಡು ನಿಕಲ್ ಅಯಾನುಗಳು ಯೂರಿಯಾವನ್ನು ಹಿಡಿದು, ನೀರಿನಿಂದ ಸೀಳಿ, ಬಿಟ್ಟುಬಿಡುತ್ತವೆ. ಗೊಬ್ಬರವನ್ನು ಮಣ್ಣಿನ ಮೇಲೆ ಹಾಗೆಯೇ ಬಿಟ್ಟರೆ ಆ ಅಮೋನಿಯಾ ಗಾಳಿಪಾಲಾಗುತ್ತದೆ, ಆದ್ದರಿಂದ ಮಣ್ಣಿಗೆ ಬೆರೆಸಿ. ಗಿಡಕ್ಕೆ ಬೇಕಾದ ನಿಕಲ್ ಅತ್ಯಲ್ಪ. ಪರೀಕ್ಷೆ ಮಾಡಿಸದೆ ಯಾರೂ ಅದನ್ನು ಹಾಕಬೇಡಿ.

ಉತ್ಪಾದನೆಯ ಹೆಚ್ಚಿನ ಪಾಲು ಹೋಗುವುದು ಸ್ಟೇನ್‌ಲೆಸ್ ಸ್ಟೀಲಿಗೆ. 18–8 ಎಂಬ ಉಕ್ಕಿನಲ್ಲಿ ಶೇಕಡಾ 18 ಕ್ರೋಮಿಯಂ, 8 ನಿಕಲ್. ತುಕ್ಕು ತಡೆಯುವ ಮುಖ್ಯ ಕೆಲಸ ಕ್ರೋಮಿಯಮಿನದು. ಅದರ ಅದಿರು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಸೀಮೆಯಲ್ಲಿದೆ. ನಿಕಲ್ ಉಕ್ಕಿನ ಹರಳಿನ ರಚನೆಯನ್ನು ಬದಲಿಸಿ ಬಾಗುವ ಗುಣ ಕೊಡುತ್ತದೆ. ಪಾತ್ರೆಗೆ ಅಯಸ್ಕಾಂತ ಅಂಟದಿದ್ದರೆ 18–8 ಎಂದು ಅಂಗಡಿಯಲ್ಲಿ ಹೇಳುತ್ತಾರೆ, ಅದನ್ನು ಪೂರ್ತಿ ನಂಬಬೇಡಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಉಕ್ಕಿಗೂ ಅಯಸ್ಕಾಂತ ಅಂಟುವುದಿಲ್ಲ.

ಕೊನೆಯದಾಗಿ, ಮಕ್ಕಳಿಗೆ ಕಿವಿ ಚುಚ್ಚಿಸುವ ತಂದೆತಾಯಂದಿರು ಕೇಳಿಸಿಕೊಳ್ಳಬೇಕು. ಅಗ್ಗದ ಗಿಲೀಟು ಓಲೆಗಳ ಪದರದಡಿ ಎಷ್ಟೋ ಸಲ ನಿಕಲ್ ಇರುತ್ತದೆ. ಬೆವರಿನಲ್ಲಿ ಅದು ಸ್ವಲ್ಪಸ್ವಲ್ಪವೇ ಕರಗಿ, ಚರ್ಮದ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ದೇಹ ಅದನ್ನು ಶತ್ರುವೆಂದು ಬಗೆದರೆ ತುರಿಕೆ, ಗುಳ್ಳೆ, ನೀರು ಸೋರುವುದು ಶುರುವಾಗುತ್ತದೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಮುಂದೆ ಗಡಿಯಾರದ ಪಟ್ಟಿ, ಪ್ಯಾಂಟಿನ ಗುಂಡಿ ಕೂಡ ಕಾಡಬಹುದು. ಹೊಸದಾಗಿ ಚುಚ್ಚಿದ ಕಿವಿಗೆ ನಿಕಲ್ ಬೆರೆಯದ ಚಿನ್ನವನ್ನೋ ಟೈಟಾನಿಯಂ ಅನ್ನೋ ಹಾಕಿಸಿ, ಗಾಯ ಪೂರ್ತಿ ಮಾಗುವವರೆಗೆ ಬೇರೆ ಓಲೆ ಹಾಕಬೇಡಿ.